ಮಿಸ್ತ್ರಿ ನೋಡಿದ ಮೂರು ಕಾರು

ಕಾಗವಾಡ
6 ಜೂನ್ 2010

ಅಪ್ಪನಿಗೂ ಅವ್ವನಿಗೂ ನೀಲಮಳ ಜೈಭೀಮ.

ಅಪ್ಪಾ, ಈ ವಾರದಲ್ಲಿ ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ಅವ್ವನೇ ಎತ್ತಿದಳು. ನಿನ್ನನ್ನು ಕರೆ ಅಂದರೆ "ಹೊರಗ ಅದಾನ, ಏನಾರ ಇದ್ರ ಕಾಗದ ಬರಿ ಅಂತಾನ" ಎನ್ನುತ್ತಾಳೆ. ಎಪ್ಪತ್ತು ಕಿಲೋಮೀಟರ್ ದೂರದ ನಿಪ್ಪಾಣಿಗೆ ಈ ಕಾಲದಲ್ಲೂ ಕಾಗದ ಬರೆಯುವವಳು ನಾನೊಬ್ಬಳೇ ಎಂದು ನಮ್ಮ ಪಶು ಆಸ್ಪತ್ರೆಯ ಕಂಪೌಂಡರ್ ಗುರಪ್ಪ ನಗುತ್ತಾನೆ. ನಗಲಿ. ಇದು ಬರೆದೇ ಹೇಳಬೇಕಾದ ಸುದ್ದಿ.

ನಾನು ಕಾರು ಕೊಳ್ಳುತ್ತೇನೆ.

ಸಣ್ಣದಲ್ಲ. ಹಿಂದೆ ಡಿಕ್ಕಿ ಇರುವ, ಐದು ಜನ ಕಾಲು ಚಾಚಿ ಕೂರುವ ಉದ್ದನೆಯ ಕಾರು. ನಿನ್ನೆ ಚಿಕ್ಕೋಡಿಯ ಶೋರೂಮಿಗೆ ಹೋಗಿದ್ದೆ. ಅಲ್ಲಿಯ ಹುಡುಗ ನನ್ನ ಬೆನ್ನ ಹಿಂದೆ ಬಾಗಿಲ ಕಡೆಗೇ ನೋಡುತ್ತಿದ್ದ. "ಸರ್ ಬರಾಕತ್ತಾರೇನ್ರಿ ಮೇಡಂ?" ಅಂದ. "ಯಾವ ಸರ್?" ಅಂದೆ. "ಗಾಡಿ ತಗೊಳ್ಳೋರು..." "ತಗೊಳ್ಳೋಕಿ ನಾನ ಅದೀನ್ರಿ" ಅಂದ ಮೇಲೆ ಪಾಪ, ಎರಡು ಸಲ ಚಹಾ ತರಿಸಿದ.

ಸ್ಟಿಯರಿಂಗ್ ಹಿಡಿದು ಕೂತೆ. ಸೀಟಿನ ಮೇಲೆ ಇನ್ನೂ ಪ್ಲಾಸ್ಟಿಕ್ ಹಾಳೆ ಇತ್ತು. ಮೀಟರಿನಲ್ಲಿ ಎಲ್ಲ ಸೊನ್ನೆ. ನನಗೆ ಏನೋ ಆಯಿತು ಅಪ್ಪಾ. ನನ್ನ ಪುಸ್ತಕಗಳ ಮೊದಲ ಪುಟದಲ್ಲಿ ಯಾವಾಗಲೂ ಬೇರೆಯವರ ಹೆಸರು ಇರುತ್ತಿತ್ತು. ಸೈಕಲ್ ಬೇರೆಯವರದು. ಕಾಲೇಜಿಗೆ ಹೋಗುವಾಗ ಕೊಟ್ಟ ಕೈಗಡಿಯಾರವೂ ನಿನ್ನ ಸಾಹುಕಾರ ಆಬಾಸಾಹೇಬರು ಕಟ್ಟಿ ಬಿಟ್ಟದ್ದು. ದೂರು ಹೇಳುತ್ತಿಲ್ಲ, ಎಲ್ಲವೂ ಚೆನ್ನಾಗಿಯೇ ನಡೆದವು. ಆದರೆ ಈ ಒಂದನ್ನು ನಾವೇ ಮೊದಲು ಮುಟ್ಟಬೇಕು ಅನಿಸಿತು.

ನೀನು ಏನನ್ನುತ್ತೀ?

ನಿನ್ನ
ನೀಲಮ


ನಿಪ್ಪಾಣಿ
14 ಜೂನ್ 2010

ನನ್ನ ಮಗಳು ಡಾಕ್ಟರ್ ನೀಲಮಳಿಗೆ ಅಪ್ಪನ ಸಪ್ರೇಮ ಜೈಭೀಮ.

ನಿನ್ನ ಕಾಗದವನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಮೂರನೆಯ ಸಲ ಅವಳೇ ಕಸಿದುಕೊಂಡು ಓದಿ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಸಂತೋಷ ಆಯಿತು ಎಂದು ಬರೆದರೆ ಕಡಿಮೆ ಆಗುತ್ತದೆ. ನಿನ್ನೆ ಬಜಾರಿನಲ್ಲಿ ಸುಮ್ಮಸುಮ್ಮನೆ ಇಬ್ಬರಿಗೆ ಚಹಾ ಕುಡಿಸಿದೆ.

ಆದರೆ ಹೊಸದು ಬೇಡ. ಮೂವತ್ತನಾಲ್ಕು ವರ್ಷ ಆಬಾಸಾಹೇಬರ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಕಟ್ಟಿದ ಮಿಸ್ತ್ರಿಯ ಮಾತು ಕೇಳು. ಹೊಸ ಕಾರು ಶೋರೂಮಿನ ಮೆಟ್ಟಿಲು ಇಳಿದ ಗಳಿಗೆಯಲ್ಲೇ ಅದರ ಬೆಲೆಯೂ ಇಳಿಯುತ್ತದೆ. ಅದೇ ಕಂಪನಿಯ ಅದೇ ಕಾರು, ಮೂರು ವರ್ಷ ಒಬ್ಬನೇ ಓಡಿಸಿದ್ದು, ಅರ್ಧದಷ್ಟಕ್ಕೆ ಸಿಗುತ್ತದೆ. ಹಳೆಯದು ಅಂದರೆ ಹಾಳಾದದ್ದು ಅಂತ ಯಾರು ಹೇಳಿದರು?

ನೋಡುವ ಕಣ್ಣು ಬೇಕು, ಅಷ್ಟೇ. ಮೀಟರನ್ನು ತಿರುಗಿಸಬಹುದು, ಆದರೆ ಬ್ರೇಕ್ ಪೆಡಲಿನ ರಬ್ಬರು ಸವೆದದ್ದನ್ನು ಮುಚ್ಚಲಾಗದು. ಅಪಘಾತವಾದ ಬಾಗಿಲಿಗೆ ಎಷ್ಟೇ ಬಣ್ಣ ಬಳಿದರೂ ಅಂಚಿನ ರಬ್ಬರು ಎಳೆದರೆ ಹಳೆಯ ಬಣ್ಣ ಒಳಗಿರುತ್ತದೆ. ಇದೆಲ್ಲ ನನ್ನ ಕೈಗೆ ಬಿಡು. ಎರಡು ತಿಂಗಳಲ್ಲಿ ನಿನಗೆ ಒಪ್ಪುವ ಗಾಡಿ ಹುಡುಕಿ ಕೊಡುತ್ತೇನೆ.

ಫೋನಿನ ವಿಷಯ. ಫೋನಿನಲ್ಲಿ ಆಡಿದ್ದು ಹಾರಿಹೋಗುತ್ತದೆ, ಕಾಗದ ಉಳಿಯುತ್ತದೆ. ಅದಕ್ಕೇ ಹೇಳಿದ್ದು, ಬೇರೇನಿಲ್ಲ.

ಆಶೀರ್ವಾದಗಳೊಂದಿಗೆ
ಜ್ಞಾನದೇವ


ಕಾಗವಾಡ
27 ಜೂನ್ 2010

ಅಪ್ಪಾ,

ಹಾಗಾದರೆ ಪಂದ್ಯ. ನೀನು ಹಳೆಯದನ್ನು ನೋಡು, ನಾನು ಹೊಸದನ್ನು ನೋಡುತ್ತೇನೆ. ಇಬ್ಬರೂ ವರದಿ ಕಳಿಸೋಣ. ತೀರ್ಪು ಅವ್ವನದು.

ನನ್ನ ಮೊದಲ ವರದಿ: ಹೊಸದನ್ನು ಓಡಿಸಿ ನೋಡಿದೆ. ಚಿಕ್ಕೋಡಿಯಿಂದ ಅಂಕಲಿಯವರೆಗೆ. ಕ್ಲಚ್ ಬೆಣ್ಣೆಯ ಹಾಗೆ. ರಸ್ತೆಯ ತಗ್ಗುಗಳೆಲ್ಲ ಎಲ್ಲಿ ಹೋದವೋ ತಿಳಿಯಲಿಲ್ಲ. ಎ.ಸಿ. ಹಾಕಿದರೆ ಹಿಂದಿನ ಸೀಟಿಗೂ ತಂಪು. ಡಿಕ್ಕಿಯಲ್ಲಿ ನನ್ನ ಔಷಧಿ ಪೆಟ್ಟಿಗೆ, ಗಮ್‌ಬೂಟು ಇಟ್ಟ ಮೇಲೂ ಎರಡು ಚೀಲ ಜೋಳ ಹಿಡಿಯುತ್ತದೆ. ದೋಷ ಒಂದೇ, ಬುಕ್ ಮಾಡಿದರೆ ಎರಡು ತಿಂಗಳು ಕಾಯಬೇಕು.

ಅವ್ವನಿಗೆ ಹೇಳು, ಲಂಚ ತೆಗೆದುಕೊಳ್ಳಬಾರದು. ನೀನು ದಿನಾ ಸಂಜೆ ತರುವ ಭಜಿ ಕೂಡ ಲಂಚವೇ.

ನೀಲಮ


ನಿಪ್ಪಾಣಿ
18 ಜುಲೈ 2010

ಡಾಕ್ಟರ್ ಮಗಳಿಗೆ ಮಿಸ್ತ್ರಿ ಅಪ್ಪನ ಜೈಭೀಮ.

ನನ್ನ ವರದಿ.

ಮೊದಲನೆಯದನ್ನು ತೋರಿಸಿದವನು ಇಲ್ಲಿಯ ಗಾಡಿ ಏಜೆಂಟ್ ಬಾಳು. ಬೋರಗಾಂವದಲ್ಲಿ ನಿಲ್ಲಿಸಿದ್ದ. ಬಂಗಾರದ ಬಣ್ಣ, ಹೊಸ ಸೀಟ್ ಕವರು, ಒಳಗೆ ಊದಿನಕಡ್ಡಿಯ ವಾಸನೆ. ಕಾರಿನಲ್ಲಿ ಊದಿನಕಡ್ಡಿ ಯಾಕೆ ಹಚ್ಚುತ್ತಾರೆ? ಬಗ್ಗಿ ಕಾಲ ಕೆಳಗಿನ ಕಾರ್ಪೆಟ್ ಎತ್ತಿದೆ. ಕೆಳಗೆ ಒಣಗಿದ ಸಣ್ಣ ಕೆಸರು, ಬಿಸ್ಕೀಟಿನ ಹಾಗೆ ಬಿರಿದಿತ್ತು. ಡ್ಯಾಶ್‌ಬೋರ್ಡಿನ ಸಂದಿಯಲ್ಲೂ ಅದೇ ಕೆಸರು.

"ಬಾಳೂ, ಈ ಗಾಡಿ ಈಜಾಕ ಹೋಗಿತ್ತೇನಲೇ?"

"ಏನ್ ಮಾತಾಡ್ತೀರಿ ಮಿಸ್ತ್ರಿ! ಮಳ್ಯಾಗ ಒಂದೀಟು ನೀರು ಸಿಡಿದಿರಬೇಕು."

"ಸಿಡಿದ ನೀರು ಡ್ಯಾಶ್‌ಬೋರ್ಡ್ ತನಕಾ ಏರತೈತೇನ? ಇದು ದೂಧಗಂಗಾ ಹೊಳಿ ಕೆಸರು. ಮಹಾಪೂರದಾಗ ನಿಂತ ಗಾಡಿ ಇದು."

ಅವನು ಕೈ ಮುಗಿದ. "ನಿಮ್ಮಂಥಾವ್ರು ನಾಕು ಮಂದಿ ಇದ್ರ ನಮ್ಮ ಧಂದಾ ಬಂದ್ ರೀ" ಎಂದು ನಕ್ಕು, ತಾನೇ ನನ್ನನ್ನು ಬೈಕಿನಲ್ಲಿ ಮನೆಗೆ ಬಿಟ್ಟು ಹೋದ.

ಎರಡನೆಯದು, ನೀಲಾ, ಸಿಕ್ಕೇಬಿಟ್ಟಿತು. ರಾಯಬಾಗದಲ್ಲಿ ತಾತ್ಯಾಸಾಹೇಬರೆಂದು ನಿವೃತ್ತ ಹೆಡ್‌ಮಾಸ್ತರರಿದ್ದಾರೆ. ಅವರದು. ನೀನು ಚಿಕ್ಕೋಡಿಯಲ್ಲಿ ಓಡಿಸಿದೆಯಲ್ಲ, ಅದೇ ಕಾರು, 2007ರದು. ಕೊಲ್ಲಾಪುರದ ನಂಬರಿನ ಗಾಡಿಯಾದರೆ ಮತ್ತೆ ಕರ್ನಾಟಕದ ಟ್ಯಾಕ್ಸ್ ತುಂಬಬೇಕು. ಇದು ಚಿಕ್ಕೋಡಿಯ ನಂಬರೇ, ಆ ತಲೆನೋವಿಲ್ಲ. ಬಣ್ಣ ಒಂದೇ ಕೈಯದು. ಪೆಡಲ್ ರಬ್ಬರು ಮೀಟರಿಗೆ ತಕ್ಕ ಹಾಗೆ ಸವೆದಿದೆ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿ ನೋಡಿದೆ, ಶುದ್ಧ. ಇಂಜಿನ್ ಚಾಲೂ ಮಾಡಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತೆ. ಎಂಥ ಇಂಜಿನ್! ಸಪ್ಪಳವೇ ಇಲ್ಲ.

ಅಲ್ಲಿಯವರೆಗೆ ಬೇರೆ ಯಾರಿಗೂ ಕೊಡಬೇಡಿ ಅಂತ ಅವರಿಗೆ ಹೇಳಿ ಬಂದಿದ್ದೇನೆ. ನೀನು ಒಮ್ಮೆ ನೋಡಿ ಹೂಂ ಅನ್ನು, ಸಾಕು.

ನಿನ್ನ ಅಪ್ಪ
ಜ್ಞಾನದೇವ


ಕಾಗವಾಡ
8 ಆಗಸ್ಟ್ 2010

ಅಪ್ಪಾ,

ಬುಧವಾರ ಇಲಾಖೆಯ ಸಭೆಗೆಂದು ರಾಯಬಾಗಕ್ಕೆ ಹೋಗಿದ್ದೆ. ತಾತ್ಯಾಸಾಹೇಬರ ಮನೆಗೂ ಹೋದೆ. ಸಜ್ಜನರು. ಕಾರು ನೀನು ಬರೆದ ಹಾಗೆಯೇ ಇದೆ. ಒಂದು ಗೀರು ಕೂಡ ಇಲ್ಲ. ಓಡಿಸಿ ನೋಡಿದೆ.

ಅಪ್ಪಾ, ಇಂಜಿನ್ನಿನ ಒಳಗಿಂದ ಟಕ್ ಟಕ್ ಟಕ್ ಎಂದು ಬರುತ್ತದೆ. ಎಕ್ಸಿಲರೇಟರ್ ಒತ್ತಿದರೆ ಹೆಚ್ಚಾಗುತ್ತದೆ. ಗಾಜು ಏರಿಸಿದರೂ ಕೇಳಿಸುತ್ತಿತ್ತು. ನನಗೇನು ತಿಳಿಯುತ್ತದೆ, ಇದು ಸಹಜವೇ ಇರಬಹುದು. ನೀನು ನೋಡಿದ ದಿನ ಬಂದಿರಲಿಕ್ಕಿಲ್ಲ. ಮಾತು ಕೊಡುವ ಮುಂಚೆ ಇನ್ನೊಬ್ಬ ಮಿಸ್ತ್ರಿಗೂ ಒಮ್ಮೆ ಕೇಳಿಸೋಣವೇ?

ನೀಲಮ


ನಿಪ್ಪಾಣಿ
29 ಆಗಸ್ಟ್ 2010

ನೀಲಮಳಿಗೆ,

ಕಾಗದ ತಲುಪಿ ಬಹಳ ದಿನವಾಯಿತು. ನಿನಗೆ ಬೇರೆ ಮಿಸ್ತ್ರಿ ಬೇಕಿದ್ದರೆ ಕರೆದುಕೊ. ಊರ ತುಂಬ ಇದ್ದಾರೆ. ನಾನು ಮೂವತ್ತನಾಲ್ಕು ವರ್ಷ ಮಾಡಿದ್ದು ಏನು ಅಂತ ನನಗೂ ಈಗ ತಿಳಿಯದಾಗಿದೆ.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಚೆನ್ನಾಗಿದೆ.

ಜ್ಞಾನದೇವ


ನಿಪ್ಪಾಣಿ
2 ಸೆಪ್ಟೆಂಬರ್ 2010

ನೀಲವ್ವಾ,

ನಾ ನಿಮ್ಮವ್ವ ಬರಿಯಾಕತ್ತೀನಿ. ರಾತ್ರಿ ಸಾಲ್ಯಾಗ ಕಲ್ತ ಅಕ್ಷರ, ಮಾತಾಡಿದ್ಹಂಗ ಬರೀತೀನಿ, ತಪ್ಪಿದ್ರ ನಗಬ್ಯಾಡ. ನಿಮ್ಮಪ್ಪಗ ಹೇಳಬ್ಯಾಡ ನಾ ಬರದದ್ದು.

ನಿಮ್ಮಪ್ಪಗ ಕಿವಿ ಕೇಳಸೂದಿಲ್ಲ. ಎರಡು ವರ್ಸ ಆತು. ಮೊದಲ ಒಂದೀಟು ಇತ್ತು, ಈಗ ಭಾಳ ಆಗೇತಿ. ಫೋನ್ ಬಂದ್ರ ಹೊರಗ ಹೋಗ್ತಾನ. ಯಾರರ ಮಾತಾಡಿದ್ರ ತುಟಿ ನೋಡ್ತಾನ, ಹೂಂ ಹೂಂ ಅಂತಾನ. ಮನ್ನಿ ಕುಕ್ಕರ್ ಎಂಟು ಸೀಟಿ ಹೊಡದೈತಿ, ಇವ ಬಾಜೂಕ ಕುಂತು ಪೇಪರ್ ಓದಾಕತ್ತಾನ. ಬ್ಯಾಳಿ ಸುಟ್ಟು ಕರ್ರಗ. ನಾ ಬೈದ್ರ ಅದೂ ಕೇಳಸಲಿಲ್ಲ ಅವಗ.

ನಿನ್ನ ಕಾಗದ ಬಂದ ದಿನ ಆಬಾಸಾಹೇಬರ ಗ್ಯಾರೇಜಿಗೆ ಹೋಗಿ ಚಾಲೂ ಇದ್ದ ಒಂದು ಲಾರಿ ಮುಂದ ನಿಂತು ಬಂದಾನ. ಬಂದಾಂವ ಊಟ ಬ್ಯಾಡ ಅಂದ. "ಸಕ್ಕೂ, ಇಂಜಿನ್ನರ ಕೇಳಸ್ತೈತಿ ಅನ್ಕೊಂಡಿದ್ದೆ" ಅಂದ. ಅಷ್ಟ ಅಂದ.

ಮಗಳ ಮುಂದ ಸಣ್ಣಾಂವ ಆಗ್ತೀನಿ ಅಂತ ಅಂಜಿಕಿ ಅವಗ. ನೀ ಶ್ಯಾಣ್ಯಾಕಿ ಅದಿ, ಹೆಂಗರ ಮಾಡು.

ನಿಮ್ಮವ್ವ
ಸಕ್ಕುಬಾಯಿ


ಕಾಗವಾಡ
7 ಸೆಪ್ಟೆಂಬರ್ 2010

ಅಪ್ಪಾ,

ನಿನಗೆ ಇದುವರೆಗೆ ಹೇಳದ ಒಂದು ಮಾತು ಹೇಳುತ್ತೇನೆ. ಯಾರ ಮುಂದೆಯೂ ಆಡಬೇಡ.

ಹೋದ ವರ್ಷ ಉಗಾರದ ರೈತನೊಬ್ಬ ಎಮ್ಮೆ ತಂದಿದ್ದ. ಭುಜದವರೆಗೆ ಕೈ ಹಾಕಿ ನೋಡಿದೆ. "ಗಬ್ಬ ನಿಂತಿಲ್ಲ" ಎಂದು ಖಡಾಖಂಡಿತ ಹೇಳಿದೆ. ಅವನು ತಲೆಯಾಡಿಸಿ ಹೋದ. ಐದು ತಿಂಗಳ ಮೇಲೆ ಒಂದು ಮುಂಜಾನೆ ದೊಡ್ಡ ಡಬ್ಬಿ ಹಿಡಿದು ಬಂದ. "ಬಾಯಾರ, ಗಿಣ್ಣ ತಂದೀನ್ರಿ. ಗಬ್ಬ ನಿಲ್ಲಲಾರದ ಎಮ್ಮಿ ಈದೈತ್ರಿ!" ಗುರಪ್ಪ ಗೋಡೆ ಹಿಡಿದು ನಕ್ಕ. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಒಂದು ವಾರ ಯಾವ ಎಮ್ಮೆಯನ್ನೂ ಮುಟ್ಟಲಿಲ್ಲ. ಆಮೇಲೆ ಬೆಳಗಾವಿಗೆ ಹೋಗಿ, ಹಿರಿಯ ಡಾಕ್ಟರರ ಪಕ್ಕದಲ್ಲಿ ನಿಂತು ಹದಿನೈದು ದಿನ ಮತ್ತೆ ಕಲಿತೆ. ಈಗ ಆ ರೈತ ತನ್ನ ದನಗಳನ್ನು ನನ್ನ ಬಳಿಯೇ ತರುತ್ತಾನೆ.

ಗಿಣ್ಣ ಮಾತ್ರ ಚೆನ್ನಾಗಿತ್ತು.

ಮೀರಜದಲ್ಲಿ ಒಬ್ಬ ಕಿವಿಯ ಡಾಕ್ಟರಿದ್ದಾರೆ. ಶನಿವಾರ ಹದಿನೆಂಟಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಅವ್ವ ನನಗೆ ಏನೂ ಹೇಳಿಲ್ಲ. ಮೊದಲ ಬಸ್ಸಿಗೆ ಬಾ. ನಾನು ಮೀರಜ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ನೀನು ಬರದಿದ್ದರೂ ನಿಂತಿರುತ್ತೇನೆ.

ನೀಲಮ


ನಿಪ್ಪಾಣಿ
10 ಅಕ್ಟೋಬರ್ 2010

ನೀಲಾ, ನನ್ನವ್ವಾ,

ಕಿವಿಗೆ ಮಶೀನು ಹಾಕಿ ಇಂದಿಗೆ ಹದಿನೈದು ದಿನ. ಡಾಕ್ಟರು ಮೊದಲು ತೆಗೆದ ಹೊಲಸನ್ನು ನೆನೆದರೆ ಈಗಲೂ ನಾಚಿಕೆ. ಲಾರಿ ಸೈಲೆನ್ಸರಿನಲ್ಲೂ ಅಷ್ಟು ಇರುವುದಿಲ್ಲ. ಉಳಿದದ್ದು ಮಶೀನಿನ ಕೆಲಸ.

ಲೋಕ ಇಷ್ಟು ಗದ್ದಲ ಮಾಡುತ್ತದೆ ಎಂದು ಮರೆತೇಹೋಗಿತ್ತು. ಪೇಪರ್ ಮಡಚಿದರೆ ಸಪ್ಪಳ, ಚಪ್ಪಲಿ ಬಿಟ್ಟರೆ ಸಪ್ಪಳ. ಮೊನ್ನೆ ಮುಂಜಾನೆ ಅಡುಗೆಮನೆಯಲ್ಲಿ ಯಾರೋ ಹಾಡುತ್ತಿದ್ದರು. ರೇಡಿಯೊ ಎಂದುಕೊಂಡು ಎದ್ದು ಹೋದೆ. ನಿಮ್ಮವ್ವ ರೊಟ್ಟಿ ಬಡಿಯುತ್ತಿದ್ದಳು. "ಯಾವಾಗಿಂದ ಹಾಡಾಕತ್ತಿ?" ಅಂದೆ. "ನಾ ಯಾವತ್ತೂ ಹಾಡ್ತೀನಿ, ನಿಮಗ ಈಗ ಕೇಳಸೇತಿ" ಅಂದಳು. ಬಾಗಿಲಲ್ಲೇ ಕೂತೆ. ಐದು ರೊಟ್ಟಿ ಮುಗಿಯುವವರೆಗೂ ಕೂತಿದ್ದೆ.

ಫೋನಿನಲ್ಲೂ ನಿನ್ನ ಮಾತು ಚೆನ್ನಾಗಿ ಕೇಳಿಸುತ್ತದೆ. ಆದರೂ ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ.

ರಾಯಬಾಗಕ್ಕೆ ಹೋಗಿದ್ದೆ. ತಾತ್ಯಾಸಾಹೇಬರು ಕಾರು ಚಾಲೂ ಮಾಡಿದರು. ನಾನು ಬಾನೆಟ್ ಎತ್ತಿದೆ. ನೀನು ಬರೆದದ್ದು ಅಕ್ಷರಶಃ ನಿಜ. ಒಳಗೆ ಬೇರಿಂಗ್ ಹೋಗಿದೆ. ಕಿವಿ ಇದ್ದ ಯಾರಿಗಾದರೂ ಕೇಳಿಸುವಂಥದ್ದು.

"ಮಾಸ್ತರ, ನನ್ನಿಂದ ತಪ್ಪಾತ್ರಿ. ಅವತ್ತು ನನಗ ಕಿವಿ ಕೇಳಸ್ತಿರಲಿಲ್ಲ. ಇಂಜಿನ್ ಬಿಚ್ಚಬೇಕು" ಎಂದೆ.

 ಅವರು ಕಟ್ಟೆಯ ಮೇಲೆ ಕೂತು ನಗತೊಡಗಿದರು. "ಮಿಸ್ತ್ರಿ, ಆ ಟಕ್ ಟಕ್ ನನಗ ಆರು ತಿಂಗಳಿಂದ ಕೇಳಸಾಕತ್ತಿತ್ತು. ನೀವು ಕಣ್ಣು ಮುಚ್ಚಿ, ಕೈ ಇಟ್ಟು ಧ್ಯಾನ ಮಾಡಿದ್ಹಂಗ ನಿಂತ್ರಿ. ಏನೂ ಅನಲಿಲ್ಲ. ಇಂಥಾ ಮಿಸ್ತ್ರಿನ ಸುಮ್ಮನದಾರ ಅಂದ್ರ ನನ್ನ ಕಿವೀನ ಕೆಟ್ಟಿರಬೇಕು ಅಂತ ತಿಳದು ನಿಶ್ಚಿಂತಿ ಆದೆ!"

ಇಬ್ಬರೂ ಚಹಾ ಕುಡಿದೆವು. ಮರುದಿನವೇ ಇಂಜಿನ್ ಇಳಿಸಿದೆ. ಆರು ದಿನ ಅವರ ಅಂಗಳದಲ್ಲೇ ಕೆಲಸ. ಈಗ ಆ ಇಂಜಿನ್ ನಿಜವಾಗಿ ಮೆತ್ತಗೆ ನಡೆಯುತ್ತದೆ, ನನ್ನ ಕಿವಿಯಾಣೆ.

ಆದರೆ ಮಗಳೇ, ಬರುವಾಗ ಚಿಕ್ಕೋಡಿಯಲ್ಲಿ ಇಳಿದೆ. ಅವ್ವನನ್ನೂ ಬರಹೇಳಿದ್ದೆ. ಶೋರೂಮಿನಲ್ಲಿ ನಿನ್ನ ಹೊಸ ಕಾರಿನಲ್ಲಿ ಕೂತೆವು. ಆ ಹುಡುಗ ಕೀಲಿ ತಿರುಗಿಸಿದ. ನಾನು ಇದುವರೆಗೆ ಕೇಳಿದ ಇಂಜಿನ್ನುಗಳೆಲ್ಲ ಯಾರೋ ಕೆಡಿಸಿದವು. ನನ್ನ ಬಳಿ ಬರುವಾಗಲೇ ಕೆಮ್ಮುತ್ತ ಬಂದವು. ಯಾರೂ ಕೆಡಿಸದ ಇಂಜಿನ್ ಹೇಗಿರುತ್ತದೆಂದು ಅರವತ್ತೊಂದನೆಯ ವಯಸ್ಸಿನಲ್ಲಿ ಕೇಳಿದೆ. ನೀನು ಮೊದಲ ಕಾಗದದಲ್ಲಿ ಏನು ಬರೆದಿದ್ದಿ ಎಂಬುದು ಆಗ ತಿಳಿಯಿತು.

ಪಂದ್ಯದಲ್ಲಿ ನಾನು ಸೋತೆ. ಹೊಸದನ್ನೇ ತೆಗೆದುಕೊ.

ಜ್ಞಾನದೇವ


ಕಾಗವಾಡ
17 ಅಕ್ಟೋಬರ್ 2010

ಅಪ್ಪಾ,

ನೀನು ಸೋಲಲು ನಾನು ಬಿಡುವುದಿಲ್ಲ. ನನಗೆ ಈಗ ಹೊಸದು ಬೇಡ. ನೀನು ಆರು ದಿನ ಕೂತು ಕಟ್ಟಿದ ಇಂಜಿನ್ನು ಯಾವ ಶೋರೂಮಿನಲ್ಲಿ ಸಿಗುತ್ತದೆ? ತಾತ್ಯಾಸಾಹೇಬರಿಗೆ ಹೇಳಿಬಿಡು, ಅದನ್ನೇ ಒಯ್ಯುತ್ತೇನೆ. ನನ್ನ ಅಪ್ಪ ಕಟ್ಟಿದ ಗಾಡಿ ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತೇನೆ.

ಹಟ ಮಾಡಬೇಡ. ಹಟದಲ್ಲಿ ನಾನು ನಿನ್ನ ಮಗಳು.

ನೀಲಮ


ನಿಪ್ಪಾಣಿ
25 ಅಕ್ಟೋಬರ್ 2010

ನೀಲವ್ವಾ,

ಈ ಸಲ ನಿಮ್ಮಪ್ಪನ ಮುಂದ ಕುಂತ ಬರಿಯಾಕತ್ತೀನಿ. ತೀರ್ಪು ನಂದು ಅಂದಿದ್ರಿ ಇಬ್ರೂ. ಮರ್ತೀರೇನ?

ಎರಡೂ ಕಾರ್ ಛಲೋ ಅದಾವ. ನಿಮ್ಮಪ್ಪ ನಿನ್ನ ಸಲವಾಗಿ ಹೊಸಾದು ಅಂತಾನ. ನೀ ನಿಮ್ಮಪ್ಪನ ಸಲವಾಗಿ ಹಳೇದು ಅಂತಿ. ನಿನಗೇನ ಬೇಕ ಸಕ್ಕೂ ಅಂತ ಒಬ್ರರ ಕೇಳಿದ್ರೇನ?

ಇಪ್ಪತ್ತೆರಡ ವರ್ಸ ತಂಬಾಕ ತುಂಬೂ ವಖಾರ್ಯಾಗ ಕೂಲಿಗೆ ಕುಂತು ಎಲಿ ಹಸನ ಮಾಡೀನಿ. ಲಗ್ನದಾಗ ನಾ ಉಟ್ಟ ಸೀರಿ ನಮ್ಮಕ್ಕ ಉಟ್ಟ ಬಿಟ್ಟದ್ದು. ನನಗ ಹೊಸಾ ಕಾರ್ ಬೇಕು. ಸೀಟಿನ ಮ್ಯಾಲಿನ ಪ್ಲಾಸ್ಟಿಕ್ ಹಾಳಿ ನಾನ ಕೀಳಾಕಿ. ಬಿಳೀ ಬಣ್ಣ ಬ್ಯಾಡ, ಎಲ್ಲಾರದೂ ಬಿಳೀದ ಅದಾವ. ಕೆಂಪಂದು ತಗೋ.

ತಾತ್ಯಾಸಾಹೇಬ್ರು ತಮ್ಮ ಗಾಡಿ ಇನ್ನ ಮಾರಂಗಿಲ್ಲಂತ. ಇಷ್ಟ ಛಲೋ ಆದ್ಮ್ಯಾಲ ಯಾಕ ಮಾರ್ಲಿ ಅಂತಾರಂತ. ಅದೂ ಮುಗೀತು.

ಇಬ್ರೂ ಇನ್ನ ಸುಮ್ಮನ ಇರ್ರಿ.

ಸಕ್ಕುಬಾಯಿ


ಕಾಗವಾಡ, ನಿನ್ನ ಆಸ್ಪತ್ರೆಯ ಮುಂದೆ
17 ಜನವರಿ 2011, ಮಧ್ಯಾಹ್ನ

ನೀಲಾ,

ನೀನು ದನ ನೋಡಲು ಹಳ್ಳಿಗೆ ಹೋಗಿದ್ದೀಯೆಂದು ಗುರಪ್ಪ ಹೇಳಿದ. ಬರುವುದು ನಾಲ್ಕು ಗಂಟೆಯಂತೆ. ಕಾರನ್ನು ಬೇವಿನ ನೆರಳಿಗೆ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೀನು ಬಂದಾಗ ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲ. ಮೊದಲು ಇದನ್ನು ಓದು, ಆಮೇಲೆ ಕಾರು ನೋಡು.

ಶುಕ್ರವಾರ ನೀನು ನಮಗೆ ಬಿಟ್ಟುಹೋದದ್ದು ಹೊಸ ಕಾರು. ನಾನು ಮರಳಿ ತಂದಿರುವುದು ಹೊಸ ಕಾರಲ್ಲ.

ಶನಿವಾರ ಅವ್ವನ ತವರು ಚಿಂಚಲಿಗೆ ಹೋಗಿ ಒಂದು ಗಂಟೆ ಇದ್ದು ಬರುವುದು ಎಂದಿತ್ತು, ಎರಡು ರಾತ್ರಿ ಉಳಿದೆವು. ಓಣಿಯ ಬಾಯಲ್ಲಿ ನಿಲ್ಲಿಸಿದ್ದೇ ತಡ, ಕಬ್ಬು ತಿನ್ನುತ್ತಿದ್ದ ಮಕ್ಕಳೆಲ್ಲ ಓಡಿ ಬಂದರು. "ಯಾರ್ದರೀ ಗಾಡಿ?" ಅಂತ ಒಬ್ಬ ಕೇಳಿದ. "ನಮ್ಮ ಮಗಳದು" ಅಂದೆ. "ಹೊಸಾದೋ ಹಳೇದೋ?" "ಹೊಸಾದು." ಇನ್ನೊಬ್ಬ ಬಂದು ಕೇಳಿದ, ಅವನಿಗೂ ಹೇಳಿದೆ. ಕೇಳಲಿ ಎಂದು ನಾನೇ ಅಲ್ಲಿ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ನಿಮ್ಮವ್ವ ಮಕ್ಕಳಿಗೆ ಬಾಗಿಲು ತೆಗೆದೇಬಿಟ್ಟಳು. "ಕಾಲವಿ ತನಕಾ ಒಂದ ಸುತ್ತ ಹೊಡಕೊಂಡು ಬರ್ರಿ" ಅಂದಳು. ಒಂದು ಸುತ್ತು ಹದಿನಾಲ್ಕಾಯಿತು. ಒಮ್ಮೆಗೆ ಒಂಬತ್ತು ಮಕ್ಕಳು, ಒಂದು ಆಡಿನ ಮರಿ. ಡಿಕ್ಕಿಯಲ್ಲಿ ಯಾರದೋ ಹೊಲದಿಂದ ಬಂದ ಬದನೆಕಾಯಿ, ಕಬ್ಬಿನ ಜಲ್ಲೆ, ಒಂದು ಕೊಡ ಮಜ್ಜಿಗೆ. ಮಜ್ಜಿಗೆ ಚೆಲ್ಲಿತು. ಗಾಜಿನ ತುಂಬ ಕಬ್ಬಿನ ಹಾಲಿನ ಕೈಗಳು ಮೂಡಿವೆ. ಹಿಂದಿನ ಬಾಗಿಲಿಗೆ ಬೆರಳುದ್ದದ ಗೀರು ಬಿದ್ದಿದೆ, ಅದು ಆಡಿನದು. ಸಂಜೆಗೆ ನಿಂತು ನೋಡಿದೆ. ಹತ್ತು ವರ್ಷ ಮನೆಯಲ್ಲೇ ಇದ್ದ ಗಾಡಿಯ ಹಾಗೆ ಕಾಣುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು.

ಗೀರನ್ನು ನಾನೇ ತೆಗೆಯುತ್ತೇನೆ. ಮಜ್ಜಿಗೆಯ ವಾಸನೆಗೆ ಎರಡು ದಿನ ಬಾಗಿಲು ತೆರೆದಿಡು, ಊದಿನಕಡ್ಡಿ ಹಚ್ಚಬೇಡ.

ಆಗಸ್ಟಿನಲ್ಲಿ ನಿನಗೆ ಬರೆದ ಆ ಸಣ್ಣ ಕಾಗದವನ್ನು ಹರಿದು ಹಾಕು. ಅದನ್ನು ಬರೆದವನು ನಾನಾಗಿರಲಿಲ್ಲ, ನನ್ನ ಅಂಜಿಕೆ.

ಇನ್ನೊಂದು ಮಾತು ಉಳಿದಿದೆ. ಅವ್ವನ ಚಿಗವ್ವ ಸೀತವ್ವ, ಎಂಬತ್ತು ದಾಟಿದವಳು, ನಿನ್ನೆ ಮುಂಜಾನೆ ಹಿಂದಿನ ಸೀಟಿನಲ್ಲಿ ಕೂತಳು. ಊಟಕ್ಕೆ ಇಳಿದಳು, ಮತ್ತೆ ಹತ್ತಿದಳು. ರಾತ್ರಿ ಮಲಗಲು ಇಳಿದಳು, ಬೆಳಗಾಗುವುದರೊಳಗೆ ಬಂದು ಬಾಗಿಲು ಬಡಿದಳು. ನಾವು ಹೊರಟಾಗ ಇಳಿಯಲೇ ಇಲ್ಲ. "ಗಂಡಮಕ್ಕಳು ನಡಸೂದು ಜನ್ಮಾನ ನೋಡೀನಿ. ಗಾಡಿ ನಿನ್ನ ಮಗಳದು ಹೌದಿಲ್ಲೋ? ಅಕಿ ನಡಸ್ಲಿ, ನಾ ನೋಡ್ತೀನಿ, ಆಮ್ಯಾಲ ಇಳೀತೀನಿ" ಅಂದಳು. ಹಾಗೇ ಕರೆತಂದೆವು.

ಈಗ ಹಿಂದೆ ಅವ್ವನೂ ಅವಳೂ ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿದ್ದೆ ಮಾಡುತ್ತಿದ್ದಾರೆ. ಕೀಲಿ ನಿನ್ನ ಮೇಜಿನ ಮೇಲಿದೆ. ಕೈ ತೊಳೆದುಕೊಂಡು ಬೇಗ ಬಾ. ಸೀತವ್ವ ಇನ್ನೂ ಇಳಿದಿಲ್ಲ.

ನಿನ್ನ ಅಪ್ಪ
ಜ್ಞಾನದೇವ ಮಿಸ್ತ್ರಿ